ಸಂಬಳ ಇಳಿದರೆ ಗ್ರೀನ್ ಕಾರ್ಡ್ ಅರ್ಜಿ ಏನಾಗುತ್ತದೆ?

ಅಮೆರಿಕದಲ್ಲಿರುವ ಕನ್ನಡಿಗರಿಂದ ಬರುವ ಪತ್ರಗಳಲ್ಲಿ ಸಂಬಳ ಕಡಿತದ ಪ್ರಶ್ನೆ ಮುಗಿಯುವುದೇ ಇಲ್ಲ. ಪ್ರಶ್ನೆಗಿಂತ ಹೆಚ್ಚು ಬೇಸರ ತರಿಸುವುದು ಅದರ ಜೊತೆಗೇ ಬರುವ ವಾಟ್ಸ್ಯಾಪ್ ಗುಂಪಿನ ಉತ್ತರಗಳು. ಆದ್ದರಿಂದ ಈ ಸಲ ಹೆಚ್ಚಿನ ಜಾಗ ಒಂದೇ ಪತ್ರಕ್ಕೆ. ಪರ್ಮ್ ಅಂದರೆ ಕಾರ್ಮಿಕ ಇಲಾಖೆಯ ಒಪ್ಪಿಗೆ, ಐ-140 ಸಾಮಾನ್ಯವಾಗಿ ಕಂಪನಿ ಹಾಕುವ ಅರ್ಜಿ, ಐ-485 ಗ್ರೀನ್ ಕಾರ್ಡ್‌ಗೆ ನೌಕರ ಹಾಕುವ ಕೊನೆಯ ಅರ್ಜಿ; ಇದಕ್ಕಿಂತ ಹೆಚ್ಚು ಹೇಳುತ್ತ ಕೂರುವುದಿಲ್ಲ. ಅರ್ಜಿ ಹಾಕಿದವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾ ಮೇಲೆ ಕೆಲಸದಲ್ಲಿದ್ದೇನೆ. ಸಂಬಳ ವರ್ಷಕ್ಕೆ 1,35,000 ಡಾಲರ್. ಪರ್ಮ್ ಮುಗಿದು, ಇಬಿ-2ರಲ್ಲಿ (ಉನ್ನತ ಪದವಿಯವರ ವರ್ಗ) ಐ-140 ಹಾಕಿ ಮೂರು ತಿಂಗಳಾಗಿದೆ, ಇನ್ನೂ ತೀರ್ಮಾನ ಬಂದಿಲ್ಲ. ಜುಲೈ 1ರಿಂದ ಕಂಪನಿಯಲ್ಲಿ ಎಲ್ಲರಿಗೂ ಶೇ 15 ಕಡಿತ ಅಂತ ಮೇಲ್ ಬಂದಿದೆ. ಪರ್ಮ್ ಮೊದಲಿನಿಂದ ಮಾಡಬೇಕು, ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸರದಿಯಲ್ಲಿ ಜಾಗ ಹಿಡಿದ ದಿನ) ಹೋಯಿತು ಎನ್ನುತ್ತಿದ್ದಾರೆ ಗೆಳೆಯರು. ನಿಜವೇ? ಎಲ್‌ಸಿಎ (ಎಚ್-1ಬಿ ಸಂಬಳದ ಬಗ್ಗೆ ಕಂಪನಿ ಕಾರ್ಮಿಕ ಇಲಾಖೆಗೆ ಕೊಟ್ಟ ಘೋಷಣೆ) ಮತ್ತು ಪರ್ಮ್ ಪ್ರತಿ ಲಗತ್ತಿಸಿದ್ದೇನೆ.

ನಿಜವಲ್ಲ. ಆದರೆ ಸುಮ್ಮನೆ ಕೂರುವ ಹಾಗೂ ಇಲ್ಲ.

ಮೊದಲು ಮೂರು ಸಂಬಳಗಳನ್ನು ಬೇರೆ ಬೇರೆ ಇಟ್ಟು ನೋಡಿ. ಗೊಂದಲವೆಲ್ಲ ಹುಟ್ಟುವುದು ಇವನ್ನು ಒಂದೇ ಎಂದುಕೊಳ್ಳುವುದರಿಂದ. ಒಂದು, ಈಗ ಕೈಗೆ ಬರುವ ಸಂಬಳ: ಕಡಿತದ ನಂತರ 1,14,750. ಎರಡು, ಎಲ್‌ಸಿಎಯಲ್ಲಿ ಬರೆದದ್ದು: ನಿಮ್ಮ ಪ್ರತಿಯಲ್ಲಿ 1,05,000 ಇದೆ. ಮೂರು, ಪರ್ಮ್‌ನಲ್ಲಿ ಬರೆದದ್ದು: 1,22,000.

ಎಲ್‌ಸಿಎ ಇವತ್ತಿನ ಮಾತು. ಎಚ್-1ಬಿ ನೌಕರರಿಗೆ ಆ ಪ್ರದೇಶದಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ದರ, ಅದೇ ಕಂಪನಿಯಲ್ಲಿ ಅದೇ ಕೆಲಸಕ್ಕೆ ಅದೇ ಅರ್ಹತೆಯವರಿಗೆ ಕೊಡುತ್ತಿರುವ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಲೇಬೇಕು. ನಿಮ್ಮ 1,14,750 ಎಲ್‌ಸಿಎ ಮಟ್ಟಕ್ಕಿಂತ ಮೇಲಿದೆ. ಕಡಿತ ಎಲ್ಲರಿಗೂ ಒಂದೇ ರೀತಿ ಆಗಿರುವುದರಿಂದ ಎರಡನೆಯ ಅಳತೆಯಲ್ಲೂ ತೊಂದರೆ ಇಲ್ಲ. ಪಕ್ಕದ ಮೇಜಿನ ಅಮೆರಿಕನ್ ಸಹೋದ್ಯೋಗಿಯ ಸಂಬಳ ಹಾಗೇ ಇದ್ದು, ವೀಸಾದವರದ್ದು ಮಾತ್ರ ಇಳಿದಿದ್ದರೆ ಅದು ಉಲ್ಲಂಘನೆ. ಸಂಬಳ ಪದ್ಧತಿ ಬದಲಾದದ್ದಕ್ಕೆ ಕಂಪನಿ ಕಾರಣ ಬರೆದು ತನ್ನ ಪಬ್ಲಿಕ್ ಆಕ್ಸೆಸ್ ಫೈಲ್‌ನಲ್ಲಿ (ಯಾರು ಕೇಳಿದರೂ ತೋರಿಸಬೇಕಾದ ಕಡತ) ಇಡಬೇಕು. ಇಟ್ಟಿದ್ದಾರೆಯೇ ಎಂದು ಎಚ್‌ಆರ್‌ಗೆ ಮೇಲ್ ಮಾಡಿ ಕೇಳಿ. ಫೋನಿನಲ್ಲಿ ಕೇಳಬೇಡಿ.

ಕಡಿತ ನಿಮ್ಮನ್ನು 1,05,000ಕ್ಕಿಂತ ಕೆಳಗೆ ಇಳಿಸಿದ್ದರೆ ಉತ್ತರವೇ ಬೇರೆ. ಆಗ ಕಡಿತಕ್ಕೆ ಮೊದಲೇ ಹೊಸ ಎಲ್‌ಸಿಎ ಆಗಿ, ತಿದ್ದುಪಡಿ ಎಚ್-1ಬಿ ಅರ್ಜಿ ಹೋಗಬೇಕು. ಎಲ್‌ಸಿಎಗೆ ಏಳು ಕೆಲಸದ ದಿನ ಹಿಡಿಯುತ್ತದೆ. ನಡೆಯುತ್ತಿರುವ ದರವೇ ಹೊಸ ಸಂಬಳಕ್ಕಿಂತ ಹೆಚ್ಚಿದ್ದರೆ ಆ ದಾರಿಯೂ ಇಲ್ಲ. ವಾರಕ್ಕೆ 40 ಗಂಟೆಯನ್ನು 25ಕ್ಕೆ ಇಳಿಸಿ ಪಾರ್ಟ್‌ಟೈಮ್ ಮಾಡುವುದಾದರೂ ತಿದ್ದುಪಡಿ ಬೇಕೇ ಬೇಕು. ಮುಂದೆ ವೀಸಾ ವಿಸ್ತರಣೆಗೋ ಬೇರೆ ಕಂಪನಿಗೋ ಹೋಗುವಾಗ ಇತ್ತೀಚಿನ ಪೇ ಸ್ಟಬ್ (ಸಂಬಳ ಚೀಟಿ) ಕೇಳುತ್ತಾರೆ. ಅದರಲ್ಲಿನ ಅಂಕಿ ಎಲ್‌ಸಿಎಗೆ ಹೊಂದದಿದ್ದರೆ ತಪ್ಪು ಕಂಪನಿಯದ್ದಾದರೂ ಉತ್ತರ ಹೇಳುವ ಪಾಡು ನಿಮ್ಮದು.

ಇನ್ನು ಪರ್ಮ್. ಅಲ್ಲಿ ಬರೆದ 1,22,000 ಗ್ರೀನ್ ಕಾರ್ಡ್ ಬಂದ ಮೇಲೆ ಕೊಡುತ್ತೇವೆಂದು ಕಂಪನಿ ಒಪ್ಪಿದ ಸಂಬಳ. ಅಲ್ಲಿಯವರೆಗೆ ಅದಕ್ಕಿಂತ ಕಡಿಮೆ ಕೊಡುವುದು ಕಾನೂನುಬಾಹಿರವಲ್ಲ. ಹಾಗಾಗಿ ಪರ್ಮ್ ಸಾಯುವುದಿಲ್ಲ. ಐ-140 ಒಪ್ಪಿಗೆಯಾದರೆ ಪರ್ಮ್ ಹಾಕಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅದಕ್ಕೂ ಈ ಕಡಿತಕ್ಕೂ ಸಂಬಂಧವಿಲ್ಲ. ಆದರೆ ಆ ದಿನದಿಂದ ಗ್ರೀನ್ ಕಾರ್ಡ್ ಕೈಗೆ ಬರುವವರೆಗೂ 1,22,000 ಕೊಡುವ ಶಕ್ತಿ ತನಗಿದೆ ಎಂದು ಕಂಪನಿ ತೋರಿಸಬೇಕು. ನಿಮಗೆ ಪೆಟ್ಟು ಬೀಳಬಹುದಾದ ಜಾಗ ಇದು.

ತೋರಿಸುವ ಬಗೆ ಮುಖ್ಯವಾಗಿ ಮೂರು: ಆ ಸಂಬಳವನ್ನು ಈಗಾಗಲೇ ಕೊಡುತ್ತಿರುವುದು, ತೆರಿಗೆ ರಿಟರ್ನ್‌ನಲ್ಲಿ ಅಷ್ಟು ನಿವ್ವಳ ಲಾಭ ಇರುವುದು, ಇಲ್ಲವೇ ಅಷ್ಟು ನಿವ್ವಳ ಚಾಲ್ತಿ ಆಸ್ತಿ ಇರುವುದು. ಜೂನ್‌ವರೆಗೆ ಹಳೆಯ ಸಂಬಳ ಬಂದಿರುವುದರಿಂದ ಈ ವರ್ಷದ ಮೊತ್ತ 67,500 ಮತ್ತು 57,375 ಸೇರಿ 1,24,875. ಅಂದರೆ ಈ ವರ್ಷ ಪರ್ಮ್ ಮಟ್ಟ ದಾಟುತ್ತದೆ. ಮುಂದಿನ ವರ್ಷ 7,250 ಡಾಲರ್ ಕೊರತೆ. ಅಷ್ಟನ್ನು ಕಂಪನಿ ಲಾಭದಿಂದಲೋ ಆಸ್ತಿಯಿಂದಲೋ ತುಂಬಿಸಿ ತೋರಿಸಬೇಕು. ಸಣ್ಣ ಮೊತ್ತವಲ್ಲವೇ ಎನ್ನಬೇಡಿ. ಇಪ್ಪತ್ತು ಜನರಿಗೆ ಐ-140 ಹಾಕಿರುವ ಸಣ್ಣ ಕನ್ಸಲ್ಟಿಂಗ್ ಕಂಪನಿಯಾದರೆ ಇಪ್ಪತ್ತೂ ಜನರ ಕೊರತೆಯನ್ನು ಕೂಡಿಸಿ ಲೆಕ್ಕ ಕೇಳುತ್ತಾರೆ. 100 ಅಥವಾ ಹೆಚ್ಚು ನೌಕರರಿರುವ ಕಂಪನಿಗೆ ಹಣಕಾಸು ಅಧಿಕಾರಿಯ ಪತ್ರ ಸಾಕಾಗಬಹುದು, ಆದರೆ ಅದನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ.

ವರ್ಷದ ಸಂಬಳ, ತೆರಿಗೆ ತೋರಿಸುವ ಡಬ್ಲ್ಯು-2 ಹಾಳೆಯನ್ನು ಸರಿಯಾಗಿ ಓದಿ. ಕಡಿತವೇ ಇಲ್ಲದವರೂ ಇಲ್ಲಿ ಎಡವುತ್ತಾರೆ. 1,35,000 ಸಂಬಳದಲ್ಲಿ 401(ಕೆ) ನಿವೃತ್ತಿ ಉಳಿತಾಯಕ್ಕೆ 23,500, ಆರೋಗ್ಯ ವಿಮೆಗೆ ತೆರಿಗೆಪೂರ್ವ 6,000 ಹೋದರೆ ಬಾಕ್ಸ್ 1ರಲ್ಲಿ ಕಾಣುವುದು 1,05,500. ಪರ್ಮ್ ಸಂಬಳಕ್ಕಿಂತ ಕಡಿಮೆ ಎಂದು ಆರ್‌ಎಫ್‌ಇ (ಹೆಚ್ಚಿನ ದಾಖಲೆ ಕೇಳುವ ನೋಟಿಸ್) ಬರಲು ಅಷ್ಟು ಸಾಕು. ಅದಕ್ಕೆ ಉತ್ತರವೂ ಅದೇ ಹಾಳೆಯಲ್ಲಿದೆ: ಬಾಕ್ಸ್ 5ರಲ್ಲಿ 1,29,000 ಇರುತ್ತದೆ, ಬಾಕ್ಸ್ 12ರಲ್ಲಿ ‘ಡಿ’ ಅಕ್ಷರದ ಮುಂದೆ ಆ 23,500 ಇರುತ್ತದೆ. ಡಿಸೆಂಬರ್‌ನ ಕೊನೆಯ ಪೇ ಸ್ಟಬ್‌ನಲ್ಲಿ ಇಡೀ ವರ್ಷದ ಒಟ್ಟು ಸಂಬಳ ಇರುತ್ತದೆ. ಅದನ್ನು ಪ್ರತಿ ವರ್ಷ ಪಿಡಿಎಫ್ ಮಾಡಿ ನಿಮ್ಮದೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಕೆಲಸ ಹೋದ ದಿನ ಕಂಪನಿಯ ಪೋರ್ಟಲ್ ಕೂಡ ಹೋಗುತ್ತದೆ.

ನಿಮ್ಮ ಜಾಗದಲ್ಲಿರುವವರಿಗೆ ನನ್ನ ಸಲಹೆ: ಐ-140ಯನ್ನು ಈಗಲೇ ಪ್ರೀಮಿಯಂಗೆ (ಹೆಚ್ಚುವರಿ ಶುಲ್ಕದ ತ್ವರಿತ ಸೇವೆ) ಏರಿಸಿ. 15 ಕೆಲಸದ ದಿನಗಳಲ್ಲಿ ಒಪ್ಪಿಗೆಯೋ, ಆರ್‌ಎಫ್‌ಇಯೋ, ಏನೋ ಒಂದು ಬರುತ್ತದೆ. ಕೊರತೆ ಕಾಣುವ ವರ್ಷ ಶುರುವಾಗುವ ಮೊದಲೇ ಕಡತ ಇತ್ಯರ್ಥವಾದರೆ ಒಳ್ಳೆಯದು. ಒಪ್ಪಿಗೆಯಾಗಿ 180 ದಿನ ಕಳೆದ ಮೇಲೆ ಕಂಪನಿ ಅರ್ಜಿ ವಾಪಸ್ ಪಡೆದರೂ, ಮುಚ್ಚಿದರೂ, ಆ ಕಾರಣಕ್ಕೇ ಐ-140 ರದ್ದಾಗುವುದಿಲ್ಲ. ಇಬಿ-2ರಲ್ಲಿ ಭಾರತದಲ್ಲಿ ಹುಟ್ಟಿದವರ ಸರದಿ ಎಷ್ಟು ಉದ್ದವೆಂದು ನಿಮಗೆ ನಾನು ಹೇಳಬೇಕಿಲ್ಲ. ಅಷ್ಟು ವರ್ಷ ನಿಮ್ಮನ್ನು ಕಾಪಾಡುವುದು ಆ ಒಪ್ಪಿಗೆ. ಜೊತೆಗೆ, ಈ ಕಡಿತ ತಾತ್ಕಾಲಿಕ, ಗ್ರೀನ್ ಕಾರ್ಡ್ ಬಂದ ಮೇಲೆ ಪರ್ಮ್‌ನಲ್ಲಿರುವ ಸಂಬಳವನ್ನೇ ಕೊಡುತ್ತೇವೆ ಎಂದು ಕಂಪನಿಯಿಂದ ಪತ್ರ ಪಡೆಯಿರಿ. ಮುಂದೆ ಐ-485ರ ಹೊತ್ತಿಗೆ ಸಪ್ಲಿಮೆಂಟ್ ಜೆಯಲ್ಲಿ (ಆ ಕೆಲಸ ಇನ್ನೂ ಇದೆ ಎಂದು ದೃಢಪಡಿಸುವ ಫಾರಂ) ಕಂಪನಿ ಮತ್ತೆ ಸಂಬಳ ಬರೆದು ಸಹಿ ಹಾಕಬೇಕು. ಆ ಸಂಬಳ ಕೊಡುವ ಉದ್ದೇಶವೇ ಕಂಪನಿಗೆ ಇಲ್ಲವಾದರೆ ಮಾತ್ರ ನಿಮ್ಮ ಗೆಳೆಯರು ಹೇಳಿದ್ದು ನಿಜ: ಹೊಸ ಪರ್ಮ್ ಬೇಕು. ಸರ್ಟಿಫೈ ಆದ ಪರ್ಮ್‌ನಲ್ಲಿ ಸಂಬಳದ ಅಂಕಿ ತಿದ್ದಲು ಬರುವುದಿಲ್ಲ.

ಒಂದು ಗಂಟೆಯ ಶುಲ್ಕ ಕೊಟ್ಟಾದರೂ ನಿಮ್ಮದೇ ವಕೀಲರಿಗೆ ಕಡತ ತೋರಿಸಿ. ಕಂಪನಿಯ ವಕೀಲರಿಗೆ ಶುಲ್ಕ ಕೊಡುತ್ತಿರುವುದು ಕಂಪನಿ.

ಪ್ರಶ್ನೆ: ಪರ್ಮ್ ಖರ್ಚು ತುಂಬಿಕೊಳ್ಳಲು ಒಂದು ವರ್ಷ ತಿಂಗಳಿಗೆ 600 ಡಾಲರ್ ಕಡಿಮೆ ಕೊಡುತ್ತೇವೆ ಎನ್ನುತ್ತಾರೆ ನಮ್ಮ ಕಂಪನಿಯವರು. ಎಲ್ಲ ಕನ್ಸಲ್ಟೆನ್ಸಿಗಳಲ್ಲೂ ಹೀಗೇ ಅಂತೆ?

ಎಲ್ಲರೂ ಮಾಡುತ್ತಾರೆ ಎನ್ನುವುದು ಮೋಸಗಾರರ ಮಾತು. ಪರ್ಮ್‌ನ ಜಾಹೀರಾತು ಖರ್ಚು, ಕಂಪನಿಯ ವಕೀಲರ ಶುಲ್ಕ ಎರಡನ್ನೂ ಕಂಪನಿಯೇ ಹೊರಬೇಕೆಂದು 2007ರ ಜುಲೈನಿಂದ ನಿಯಮವಿದೆ. ಸಂಬಳ ಕಡಿತದ ರೂಪದಲ್ಲಿ ಪಡೆದರೂ ಅದು ನಿಷಿದ್ಧವೇ. ಪೂರ್ತಿ ಸಂಬಳ ಹಾಕಿ ಆಮೇಲೆ ನಗದು ವಾಪಸ್ ಕೇಳುವವರ ಹತ್ತಿರ ಒಂದು ದಿನವೂ ನಿಲ್ಲಬೇಡಿ. ಎಚ್-1ಬಿ ಸಂಬಳ ಕಡಿಮೆ ಕೊಟ್ಟಿದ್ದರೆ ಕಾರ್ಮಿಕ ಇಲಾಖೆಗೆ ಡಬ್ಲ್ಯುಎಚ್-4 ಫಾರಂನಲ್ಲಿ 12 ತಿಂಗಳೊಳಗೆ ದೂರು ಕೊಡಬಹುದು.

ಪ್ರಶ್ನೆ: ಮೂಲ ಸಂಬಳ ಇಳಿಸಿ, ಬದಲಿಗೆ ಷೇರು ಕೊಡುತ್ತಾರಂತೆ. ಸೇರಿಸಿ ಲೆಕ್ಕ ಹಾಕಬಹುದೇ?

ಷೇರು ಸೇರುವುದಿಲ್ಲ. ಷರತ್ತಿಲ್ಲದೆ ಖಚಿತವಾಗಿ ಕೊಡುವ, ತೆರಿಗೆ ಕಡಿದ ನಗದು ಬೋನಸ್ ಎಲ್‌ಸಿಎ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಪ್ರಾಜೆಕ್ಟ್ ಇಲ್ಲ, ಎರಡು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿರಿ ಎಂದಿದ್ದಾರೆ.

ಕೆಲಸ ಕೊಡದಿರುವುದು ಅವರ ಸಮಸ್ಯೆ, ಎಚ್-1ಬಿಯಲ್ಲಿ ಪೂರ್ತಿ ಸಂಬಳ ಕೊಡಲೇಬೇಕು. ನೀವಾಗಿ ಕೇಳಿ ಪಡೆದ ರಜೆ ಮಾತ್ರ ಬೇರೆ. ‘ನಾನೇ ರಜೆ ಕೇಳಿದೆ’ ಎಂದು ಸಹಿ ಹಾಕಿಸಿಕೊಳ್ಳಲು ಬಂದರೆ ಹಾಕಬೇಡಿ.

ಪ್ರಶ್ನೆ: ಎಚ್-4 ಇಎಡಿಯಲ್ಲಿರುವ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ನನ್ನ ಹೆಂಡತಿಯ ಸಂಬಳ ಕಡಿತವಾಗಿದೆ. ನನ್ನ ಅರ್ಜಿಗೆ ತೊಂದರೆಯೇ?

ಇಲ್ಲ.

ಪ್ರಶ್ನೆ: ನನ್ನದು ಎನ್‌ಐಡಬ್ಲ್ಯು (ದೇಶದ ಹಿತದ ಆಧಾರದ ಮೇಲೆ ಪರ್ಮ್‌ನಿಂದ ವಿನಾಯಿತಿ) ಅರ್ಜಿ, ನಾನೇ ಹಾಕಿದ್ದು. ಸಂಬಳ ಇಳಿದಿದೆ.

ಪರ್ಮ್ ಇಲ್ಲ, ಕಂಪನಿಯ ಶಕ್ತಿ ತೋರಿಸುವ ಗೊಡವೆಯೂ ಇಲ್ಲ. ಎಚ್-1ಬಿಯಲ್ಲಿದ್ದರೆ ಎಲ್‌ಸಿಎ ಮಟ್ಟ ಮಾತ್ರ ನೋಡಿಕೊಳ್ಳಿ.