26ನೇ ವಯಸ್ಸಿಗೆ ಕ್ಲಾಟ್ ಆಗತ್ತಾ ಡಾಕ್ಟ್ರೇ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ, ಇಷ್ಟು ಚಿಕ್ಕ ವಯಸ್ಸಿಗೆ ರಕ್ತ ಹೆಪ್ಪುಗಟ್ಟತ್ತಾ ಅಂತ. ಆಗತ್ತೆ. ಎಷ್ಟು ಸಲ ಬರೆದ್ರೂ ಮತ್ತೆ ಇದೇ ಬರತ್ತೆ. ಕೇಳೋರ ಮೇಲೆ ನಂಗೆ ಸಿಟ್ಟಿಲ್ಲ, "ನಿನ್ ವಯಸ್ಸಿಗೆ ಅದೆಲ್ಲ ಬರಲ್ಲಮ್ಮ" ಅಂತ ಮನೆಗೆ ಕಳಿಸ್ತಾರಲ್ಲ, ಅವರ ಮೇಲೆ ಸಿಟ್ಟು.

ಪ್ರಶ್ನೆ: ನಂಗೆ 26. ಎಡಗಾಲಿನ ಮೀನಖಂಡ ನಾಲ್ಕು ದಿನ ನೋಯ್ತು, ಮಸಲ್ ಕ್ಯಾಚ್ ಅಂದ್ರು. ಆಮೇಲೆ ಮೆಟ್ಟಿಲು ಹತ್ತಿದ್ರೆ ಏದುಸಿರು, ಟೆನ್ಷನ್ ಅಂದ್ರು. ಕೊನೆಗೆ ಸ್ಕ್ಯಾನ್ ಮಾಡಿದಾಗ ಕಾಲಲ್ಲೂ ಶ್ವಾಸಕೋಶದಲ್ಲೂ ಕ್ಲಾಟ್. ಈಗ ಮಾತ್ರೆ ತಗೋತಿದೀನಿ. ನಂದೇನು ತಪ್ಪು? ಮತ್ತೆ ಬರತ್ತಾ?

ನಿಮ್ಮ ತಪ್ಪು ಏನೂ ಇಲ್ಲ. ಎರಡು ಸಲ ಡಾಕ್ಟರ್ ಹತ್ರ ಹೋಗಿದೀರ, ಇನ್ನೇನು ಮಾಡ್ಬೇಕಿತ್ತು? ಒಂದೇ ಕಾಲು ನೋಯ್ತಿದೆ ಅಂತ ಬಂದೋರ ಎರಡೂ ಕಾಲನ್ನ ಅಕ್ಕಪಕ್ಕ ಇಟ್ಟು ಟೇಪಲ್ಲಿ ಅಳೆದ್ರೆ ಒಂದು ನಿಮಿಷ ಹಿಡಿಯಲ್ಲ. ಮೊಣಕಾಲಿನ ಕೆಳಗಿನ ಮೂಳೆ ಉಬ್ಬಿಂದ 10 ಸೆಂಟಿಮೀಟರ್ ಕೆಳಗೆ ಅಳೀಬೇಕು, ಒಂದು ಕಾಲು ಇನ್ನೊಂದಕ್ಕಿಂತ 3 ಸೆಂಟಿಮೀಟರ್‌ಗಿಂತ ಜಾಸ್ತಿ ದಪ್ಪ ಇದ್ರೆ ಮಸಲ್ ಕ್ಯಾಚ್ ಅಂದು ಸುಮ್ಮನಾಗೋ ಹಾಗಿಲ್ಲ, ಕಾಲಿನ ರಕ್ತನಾಳ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿಸಲೇಬೇಕು. ಅದರ ಮೇಲೆ ಏದುಸಿರು, ಉಸಿರು ಎಳ್ಕೊಂಡಾಗ ಎದೇಲಿ ಚುಚ್ಚೋದು, ಸುಮ್ನೆ ಕೂತಿದ್ರೂ ನಾಡಿ ನೂರು ದಾಟೋದು, ಇದನ್ನ ನೋಡಿನೂ ಟೆನ್ಷನ್ ಅಂದ್ರೆ ರೋಗಿಯ ಜೀವ ಅದೃಷ್ಟದ ಮೇಲೆ ನಿಂತಿದೆ ಅಂತಾನೇ ಅರ್ಥ.

ಈಗ ನಾನು ಕೇಳ್ಬೇಕಾಗಿರೋದು. ಯಾವುದಾದ್ರೂ ಹಾರ್ಮೋನ್ ಮಾತ್ರೆ ತಗೋತಿದ್ರಾ? ನಿಮ್ಮ ಪತ್ರದಲ್ಲಿ ಆ ವಿಷಯಾನೇ ಇಲ್ಲ, ಯಾರ ಪತ್ರದಲ್ಲೂ ಇರಲ್ಲ. ನನ್ನ ಹತ್ರ ಬಂದಿದ್ದ ಒಬ್ಳು ಹುಡುಗಿ, ಇಪ್ಪತ್ಮೂರೋ ಇಪ್ಪತ್ನಾಲ್ಕೋ, ಯಾವ ಮಾತ್ರೆನೂ ಇಲ್ಲ ಡಾಕ್ಟ್ರೇ ಅಂತ ಮೂರು ಸಲ ಹೇಳಿದ್ಳು. ರಿಪೋರ್ಟ್ ತೆಗೆಯೋಕೆ ಬ್ಯಾಗ್ ಬಿಚ್ಚಿದಾಗ 21 ಮಾತ್ರೆಯ ಸ್ಟ್ರಿಪ್ ಆಚೆ ಬಂತು, ಅದರಲ್ಲಿ ಒಂಬತ್ತು ಖಾಲಿ. ಇದೇನಮ್ಮ ಅಂದ್ರೆ "ಅದು ಪಿಸಿಓಡಿಗೆ, ಪಿಲ್ ಅಲ್ಲ" ಅಂದ್ಳು. ಅದು ಗರ್ಭನಿರೋಧಕ ಮಾತ್ರೆನೇ, ಯಾವ ಕಾರಣಕ್ಕೆ ಬರೆದುಕೊಟ್ರೂ ಒಳಗಿರೋ ಈಸ್ಟ್ರೋಜನ್ ಬದಲಾಗಲ್ಲ. ಅದು ರಕ್ತ ಹೆಪ್ಪುಗಟ್ಟಿಸೋ ಅಂಶಗಳನ್ನ ಹೆಚ್ಚಿಸತ್ತೆ, ತಡೆಯೋ ಅಂಶಗಳನ್ನ ಕಮ್ಮಿ ಮಾಡತ್ತೆ. ಅಪಾಯ ಜಾಸ್ತಿ ಇರೋದು ಶುರು ಮಾಡಿದ ಮೊದಲ ಕೆಲವು ತಿಂಗಳಲ್ಲಿ, ಬಿಟ್ಟು ಒಂದು ತಿಂಗಳ ಮೇಲೆ ಮತ್ತೆ ಶುರು ಮಾಡಿದಾಗ್ಲೂ ಅಷ್ಟೇ.

ಇದನ್ನ ಓದಿ ಎಲ್ರೂ ಸ್ಟ್ರಿಪ್ ಎಸೀಬೇಡಿ. ಗರ್ಭಿಣಿಯಲ್ಲದ, ಮಾತ್ರೆ ತಗೊಳ್ದೆ ಇರೋ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನಕ್ಕೆ ಕ್ಲಾಟ್ ಆಗತ್ತೆ, ಈಸ್ಟ್ರೋಜನ್ ಜೊತೆ ಲೆವೊನಾರ್‌ಜೆಸ್ಟ್ರೆಲ್ ಅನ್ನೋ ಇನ್ನೊಂದು ಹಾರ್ಮೋನ್ ಇರೋ ಮಾತ್ರೆಲಿ 5ರಿಂದ 7, ಡ್ರೊಸ್ಪಿರಿನೋನ್ ಅಥವಾ ಡೆಸೊಜೆಸ್ಟ್ರೆಲ್ ಜೊತೆ ಈಸ್ಟ್ರೋಜನ್ ಇರೋದ್ರಲ್ಲಿ 9ರಿಂದ 12. ಬಸುರಿ ಬಾಣಂತಿಯರಲ್ಲಿ ಇದಕ್ಕಿಂತ ಜಾಸ್ತಿ. ಅಂದ್ರೆ ಬಹುಪಾಲು ಜನಕ್ಕೆ ಏನೂ ಆಗಲ್ಲ, ಆದ್ರೆ ಅಮ್ಮನಿಗೋ ಅಕ್ಕನಿಗೋ ಕ್ಲಾಟ್ ಆಗಿದ್ರೆ ಮಾತ್ರೆ ಶುರು ಮಾಡೋ ಮುಂಚೆನೇ ಹೇಳ್ಬೇಕು, ಬರ್ಕೊಡೋರೂ ಕೇಳ್ಬೇಕು, ಕೇಳದೆ ಕೌಂಟರ್ ಮೇಲಿಂದ ಎತ್ತಿಕೊಡೋರನ್ನ ನಾನು ಕ್ಷಮಿಸಲ್ಲ.

ಮತ್ತೆ ಬರತ್ತಾ ಅನ್ನೋದು ಯಾಕೆ ಬಂತು ಅನ್ನೋದರ ಮೇಲಿದೆ. ಹಾರ್ಮೋನ್ ಮಾತ್ರೆಯಿಂದ ಬಂದಿದ್ದು, ಅದನ್ನ ನಿಲ್ಲಿಸಿದ್ರೆ ಮರುಕಳಿಸೋ ಸಾಧ್ಯತೆ ಕಮ್ಮಿ. ಕಾರಣವೇ ಸಿಗದಿದ್ರೆ ಜಾಸ್ತಿ. ಬ್ಲಡ್ ಥಿನ್ನರ್ ಕನಿಷ್ಠ 3 ತಿಂಗಳು ಬೇಕೇ ಬೇಕು. ಅದು ಗಡ್ಡೆನ ಕರಗಿಸಲ್ಲ, ಬೆಳೆಯದ ಹಾಗೆ ತಡೆಯತ್ತೆ, ಕರಗಿಸೋದು ದೇಹಾನೇ, ಅದಕ್ಕೇ ಟೈಮ್ ಬೇಕು. ರಿವರಾಕ್ಸಬಾನ್ 15 ಅಥವಾ 20 ಮಿಲಿಗ್ರಾಂ ಆದ್ರೆ ಊಟದ ಜೊತೆನೇ ತಗೊಳ್ಳಿ, ಖಾಲಿ ಹೊಟ್ಟೇಲಿ ಸರಿಯಾಗಿ ಹತ್ತಲ್ಲ.

ಇನ್ನೊಂದು, ಯಾರೂ ಮುಂಚೆ ಹೇಳಿರಲ್ಲ. ಈ ಮಾತ್ರೆಲಿ ಪೀರಿಯಡ್ಸ್ ವಿಪರೀತ ಹೋಗ್ಬಹುದು. ಹೆದರಿ, ನಾಚ್ಕೊಂಡು, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸ್ತಾರೆ, ಎರಡನೇ ಕ್ಲಾಟ್ ಹೊತ್ಕೊಂಡು ಬರ್ತಾರೆ. ನಿಲ್ಲಿಸ್ಬೇಡಿ, ಫೋನ್ ಮಾಡಿ, ಔಷಧಿ ಬದಲಿಸ್ಬಹುದು, ಗರ್ಭಕೋಶದೊಳಗೆ ಪ್ರೊಜೆಸ್ಟೋಜನ್ ಹಾರ್ಮೋನ್ ಇರೋ ಕಾಯಿಲ್ ಹಾಕ್ಬಹುದು, ದಾರಿ ಇದೆ. ಗಂಟೆಗೊಂದು ಪ್ಯಾಡ್ ಒದ್ದೆ ಆಗ್ತಿದ್ರೆ, ತಲೆ ತಿರುಗ್ತಿದ್ರೆ ಮಾತ್ರ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮುಟ್ಟಲ್ಲಿ ಗಡ್ಡೆ ಗಡ್ಡೆ ಹೋಗತ್ತೆ, ಇದೂ ಅದೇ ಕಾಯಿಲೆನಾ?

ಅಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಬೆಳ್ಳುಳ್ಳಿ ತಿಂದು ಮಾತ್ರೆ ಬಿಡಬಹುದಾ?

ಬಿಡಬಾರದು. ಹೀಗೆ ಹೇಳಿಕೊಟ್ಟೋರ ಹತ್ರ ಮತ್ತೆ ಹೋಗಲೂಬಾರದು.

ಪ್ರಶ್ನೆ: ಊತ ಇಳಿಯೋಕೆ ಎಣ್ಣೆ ಹಚ್ಚಿ ತಿಕ್ಕಿಸ್ತಿದೀವಿ.

ಇವತ್ತೇ ನಿಲ್ಲಿಸಿ. ಹೊಸ ಕ್ಲಾಟ್ ಇರೋ ಕಾಲನ್ನ ತಿಕ್ಕಿದ್ರೆ ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಬಹುದು.

ಪ್ರಶ್ನೆ: ಮುಂದೆ ಮಗು ಮಾಡ್ಕೋಬಹುದಾ?

ಮಾಡ್ಕೋಬಹುದು. ಆದ್ರೆ ಗರ್ಭ ನಿಲ್ಲೋ ಮುಂಚೆನೇ ಡಾಕ್ಟರ್‌ನ ನೋಡಿ. ಬ್ಲಡ್ ಥಿನ್ನರ್‌ಗಳಲ್ಲಿ ವಾರ್ಫರಿನ್ ಮಗುವಿಗೆ ತೊಂದರೆ ಮಾಡತ್ತೆ, ರಿವರಾಕ್ಸಬಾನ್ ಥರದ್ದೂ ಆ ಟೈಮಲ್ಲಿ ಬೇಡ, ಹೆಪಾರಿನ್ ಇಂಜೆಕ್ಷನ್ ಮಾಸು ದಾಟಿ ಮಗುವಿಗೆ ಹೋಗಲ್ಲ ಅಂತ ಅದನ್ನೇ ಕೊಡೋದು.

ಪ್ರಶ್ನೆ: ಕ್ಲಾಟ್ ಆಗಿ ಐದು ತಿಂಗಳಾಯ್ತು. ರಾತ್ರಿ ಕಾಲು ಸ್ವಲ್ಪ ಸೆಳೆದ್ರೂ ಮತ್ತೆ ಬಂತಾ ಅಂತ ನಿದ್ದೆ ಬರಲ್ಲ.

ಈ ಭಯ ಸಹಜ, ಒಂದು ಸಲ ನಿಮ್ಮ ಮಾತನ್ನ ಯಾರೂ ನಂಬಿರಲಿಲ್ಲ ಅಂದ್ಮೇಲೆ ಇನ್ನೂ ಜಾಸ್ತಿನೇ ಇರತ್ತೆ. ಕ್ಲಾಟ್ ಆದ ಕಾಲು ತಿಂಗಳುಗಟ್ಟಲೆ ಸೆಳೀಬಹುದು, ಸಂಜೆ ಹೊತ್ತಿಗೆ ಭಾರ ಆಗ್ಬಹುದು. ವಾರಕ್ಕೊಂದು ಸಲ ಒಂದೇ ಹೊತ್ತಲ್ಲಿ, ಒಂದೇ ಜಾಗದಲ್ಲಿ ಎರಡೂ ಕಾಲು ಅಳೆದು ಬರೆದಿಡಿ, ರಾತ್ರಿ ಭಯ ಆದಾಗ ಆ ಲೆಕ್ಕ ನೋಡ್ಬಹುದು. ಅಳತೆ ಏರಿದ್ರೆ ಅವತ್ತೇ ತೋರಿಸಿ. ಏದುಸಿರು ಬಂದ್ರೆ, ಎದೆ ಚುಚ್ಚಿದ್ರೆ, ಕೆಮ್ಮಿದಾಗ ರಕ್ತ ಕಂಡ್ರೆ ಟೇಪ್ ಹುಡುಕ್ತಾ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ, ಹಿಂದೆ ಕ್ಲಾಟ್ ಆಗಿತ್ತು ಅನ್ನೋದನ್ನೇ ಮೊದಲು ಹೇಳಿ.