ಹದಿಮೂರಕ್ಕೇ ಪಟ್ಟ ಕಟ್ಟಿದರೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿರುವ, ದಾವಣಗೆರೆ ಕಡೆಯ ಓದುಗರೊಬ್ಬರ ಪತ್ರ:

"ಬೋಸ್ಟನ್‌ನಲ್ಲಿ ಅಲಿಸಾ ಲಿಯು ಫಿಗರ್ ಸ್ಕೇಟಿಂಗ್ ವಿಶ್ವ ಚಾಂಪಿಯನ್ ಆದ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ನನ್ನ ಮಗಳಿಗೆ ಹನ್ನೊಂದು ವರ್ಷ. ಈಚೆಗೆ ಡಬಲ್ ಆಕ್ಸೆಲ್ ಕಲಿತಳು. ಅಂದಿನಿಂದ ರಿಂಕಿನಲ್ಲಿ ಎಲ್ಲರ ಬಾಯಲ್ಲೂ 'ಮುಂದಿನ ಅಲಿಸಾ'. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತೆ ಅಂತಾರೆ ನಮ್ಮ ಮಾವನವರು. ನನಗೆ ಖುಷಿಯ ಜೊತೆಗೆ ಹೆದರಿಕೆಯೂ ಇದೆ. ಮಕ್ಕಳನ್ನು ಹೀಗೆ ಅಟ್ಟಕ್ಕೇರಿಸುವವರು ನಿಮ್ಮಂಥ ಪತ್ರಿಕೆಯವರೇ ಅಲ್ಲವೇ? ಬೇರೆ ರಾಜ್ಯದ ಹೆಸರಾಂತ ಕೋಚ್ ಹತ್ತಿರ ಕಳಿಸಿ ಅನ್ನುವವರೂ ಇದ್ದಾರೆ. ಕಳಿಸಲೇ?"

ಸಂಪಾದಕರ ಉತ್ತರ:

ಸಹೋದರಿ,

ಡಬಲ್ ಆಕ್ಸೆಲ್ ಸಣ್ಣ ಮಾತಲ್ಲ. ಎದುರಿಗೆ ಮುಖಮಾಡಿ ಹಾರುವ ಜಂಪ್ ಆಕ್ಸೆಲ್ ಒಂದೇ. ಹಿಮ್ಮುಖವಾಗಿ ಇಳಿಯಬೇಕಾದ್ದರಿಂದ ಗಾಳಿಯಲ್ಲಿ ಇನ್ನೂ ಅರ್ಧ ಸುತ್ತು ಹೆಚ್ಚು. ಎಷ್ಟೋ ಮಕ್ಕಳು ವರ್ಷಗಟ್ಟಲೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಮಗಳಿಗೆ ನಮ್ಮ ಶಭಾಷ್ ಹೇಳಿ.

ಇನ್ನು ನೀವು ಹೊರಿಸಿದ ಆಪಾದನೆ. ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ಪತ್ರಿಕೆ, ಟೀವಿಗಳು ಡೋಲು ಬಡಿಯುವುದು ನಿಜ. ಆದರೆ ಆ ಮೆರವಣಿಗೆ ಹೊರಡಿಸಿದವರು ನಾವಲ್ಲ. ಅದು ಹೊರಡುವುದು ಅಂಕಪಟ್ಟಿಯಿಂದ. ಮೂರು ಸುತ್ತಿನ ಟ್ರಿಪಲ್ ಲುಟ್ಸ್ ಜಂಪಿಗೆ ಮೂಲ ಅಂಕ 5.9. ಅದನ್ನೇ ನಾಲ್ಕು ಸುತ್ತು ಹಾಕಿದರೆ 11.5. ಗಾಳಿಯಲ್ಲಿ ಸಿಗುವ ಹೊತ್ತು ಮುಕ್ಕಾಲು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ನಾಲ್ಕು ಸಲ ಸುತ್ತಬೇಕಾದರೆ ಮೈ ತೆಳ್ಳಗೆ, ಸೊಂಟ, ಭುಜ ಕಿರಿದಾಗಿ ಇದ್ದಷ್ಟೂ ಅನುಕೂಲ. ಹದಿಮೂರರ ಹುಡುಗಿಗೆ ಅದು ತಾನಾಗಿ ಒದಗಿರುತ್ತದೆ. ಹದಿನಾರಕ್ಕೆ ನಾಲ್ಕು ಅಂಗುಲ ಬೆಳೆದಾಗ ಅದೇ ಜಂಪಿನ ಲೆಕ್ಕವೆಲ್ಲ ಬುಡಮೇಲು. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ, ಈ ಮೈ ಇರುವುದು ಎರಡೋ ಮೂರೋ ವರ್ಷ. ಕೋಚ್, ಸಂಸ್ಥೆ, ಪ್ರಾಯೋಜಕರು ಎಲ್ಲರಿಗೂ ಅವಸರ ಹುಟ್ಟುವುದು ಇಲ್ಲಿಂದ. ಹೊಗಳಿಕೆಗೂ ಅಷ್ಟೇ ಅವಸರ.

ಅಲಿಸಾಳನ್ನೇ ನೋಡಿ. 2019ರ ಜನವರಿ, ಡೆಟ್ರಾಯಿಟ್. ಹದಿಮೂರರ ಹುಡುಗಿ ಸ್ಪರ್ಧೆಯ ಎರಡನೆಯ, ದೀರ್ಘ ಭಾಗವಾದ ಫ್ರೀ ಸ್ಕೇಟ್‌ನಲ್ಲಿ ಮೂರೂವರೆ ಸುತ್ತಿನ ಎರಡು ಟ್ರಿಪಲ್ ಆಕ್ಸೆಲ್ ಹಾಕಿ ಅಮೆರಿಕದ ಅತಿ ಕಿರಿಯ ಮಹಿಳಾ ಚಾಂಪಿಯನ್ ಆದಳು. ಹದಿನಾಲ್ಕರಲ್ಲಿ ಗೆದ್ದಿದ್ದ ತಾರಾ ಲಿಪಿನ್‌ಸ್ಕಿಯ 1997ರ ದಾಖಲೆ ಅಳಿಯಿತು. ಪದಕ ಕೊಡುವಾಗ ನಡೆದದ್ದನ್ನು ಜಗತ್ತೇ ನೋಡಿ ಮುದ್ದಾಡಿತು: ಮೊದಲ ಸ್ಥಾನದ ಮೆಟ್ಟಿಲು ಅವಳಿಗೆ ಎಟುಕಲಿಲ್ಲ. ಎರಡನೆಯ ಸ್ಥಾನದ ಬ್ರೇಡಿ ಟೆನಲ್, ಮೂರನೆಯ ಸ್ಥಾನದ ಮರಾಯಾ ಬೆಲ್ ಇಬ್ಬರೂ ಕೈಹಿಡಿದು ಮೇಲಕ್ಕೆ ಹತ್ತಿಸಿದರು. ಟೀವಿ ಷೋಗಳಿಗೆ ಕರೆ ಬಂತು. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅಮೆರಿಕದ ಆಸೆ ಇವಳೇ ಎಂದು ಎಲ್ಲರೂ ಅಂದೇ ತೀರ್ಮಾನಿಸಿಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ವಯಸ್ಸಿನ ನಿಯಮದ ಪ್ರಕಾರ ಆ ವರ್ಷ ಅವಳು ಜೂನಿಯರ್ ವಿಶ್ವ ಸ್ಪರ್ಧೆಗೂ ಹೋಗುವಂತಿರಲಿಲ್ಲ!

ಆಮೇಲೆ ಬೆಳೆದಳು. ಎಲ್ಲ ಮಕ್ಕಳೂ ಬೆಳೆಯುತ್ತಾರೆ. ಆದರೆ ಇವಳ ಎತ್ತರವೇ ಸುದ್ದಿಯಾಯಿತು. ಟ್ರಿಪಲ್ ಆಕ್ಸೆಲ್ ಕೈಕೊಟ್ಟಿತು, ಗಾಯಗಳಾದವು, ಕೋಚ್‌ಗಳು ಮೇಲಿಂದ ಮೇಲೆ ಬದಲಾದರು. ಬೀಜಿಂಗ್‌ನಲ್ಲಿ ಆರನೆಯವಳಾದಳು, ಮರುತಿಂಗಳು ವಿಶ್ವ ಸ್ಪರ್ಧೆಯಲ್ಲಿ ಕಂಚು ಗೆದ್ದಳು. ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಸಾಕು ಎಂದು ಬರೆದು ಬಿಟ್ಟೇಬಿಟ್ಟಳು. ವಯಸ್ಸು ಹದಿನಾರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಯಾವ ಕಾಲೇಜು ಅಂತ ಓಡಾಡುವ ವಯಸ್ಸು.

ರಷ್ಯಾದಲ್ಲಿ ಇದು ಇನ್ನೂ ಕಟು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಕೆಂಪು ಉಡುಪಿನ ಯೂಲಿಯಾ ಲಿಪ್ನಿತ್ಸ್ಕಾಯಾ ಹದಿನೈದಕ್ಕೇ ತಂಡದ ಚಿನ್ನಕ್ಕೆ ಕಾರಣಳಾಗಿ ಮನೆಮಾತಾದಳು. ಕೆಲವೇ ದಿನಗಳಲ್ಲಿ, ಅದೇ ಜನಸ್ತೋಮದ ಮುಂದೆ, ವೈಯಕ್ತಿಕ ಸ್ಪರ್ಧೆಯಲ್ಲಿ ಬಿದ್ದು ಐದನೆಯವಳಾದಳು. 2017ರಲ್ಲಿ, ಹತ್ತೊಂಬತ್ತಕ್ಕೆ, ನಿವೃತ್ತಿ. ಅನ್ನ ಸೇರದ ಅನೊರೆಕ್ಸಿಯಾ ಕಾಯಿಲೆಗೆ ಚಿಕಿತ್ಸೆ ಪಡೆದದ್ದು ಆಮೇಲೆ ತಿಳಿಯಿತು. ಅವಳನ್ನು ಬೆಳೆಸಿದ ಕೋಚ್ ಎತೇರಿ ತುತ್‌ಬೆರಿಡ್ಜೆಯ ಅದೇ ಮಾಸ್ಕೋ ಗುಂಪಿನಲ್ಲಿ ಮುಂದೆ ಎವ್ಗೇನಿಯಾ ಮೆಡ್ವೆಡೆವಾ ಬಂದಳು. ಅವಳನ್ನು 2018ರ ಒಲಿಂಪಿಕ್ಸ್‌ನಲ್ಲಿ ಹದಿನೈದರ ಅಲಿನಾ ಜಗಿತೋವಾ ಹಿಂದೆ ಹಾಕಿದಳು. ಮರುವರ್ಷದ ಕೊನೆಗೆ ಜಗಿತೋವಾಳೂ ಸ್ಪರ್ಧೆಗಳಿಂದ ಸರಿದಳು. ಬೀಜಿಂಗ್‌ಗೆ ಬಂದವಳು ಹದಿನೈದರ ಕಮಿಲಾ ವಲಿಯೇವಾ, ಸೋಲೇ ಇಲ್ಲದವಳೆಂಬ ಹೆಸರು ಹೊತ್ತು. ಉದ್ದೀಪನ ಮದ್ದಿನ ಪ್ರಕರಣ ಸ್ಪರ್ಧೆಯ ನಡುವೆಯೇ ಹೊರಬಿತ್ತು. ಫ್ರೀ ಸ್ಕೇಟ್‌ನಲ್ಲಿ ಮತ್ತೆ ಮತ್ತೆ ಬಿದ್ದಳು, ನಾಲ್ಕನೆಯವಳಾದಳು; ಆ ಸ್ಥಾನವೂ ಆಮೇಲೆ ರದ್ದಾಯಿತು. ಅಳುತ್ತಾ ಹೊರಬಂದ ಮಗುವನ್ನು ಕೋಚ್ ಮೊದಲು ಕೇಳಿದ್ದು, ಹೋರಾಡುವುದನ್ನು ಯಾಕೆ ಬಿಟ್ಟೆ ಅಂತ. ಕ್ಯಾಮೆರಾಗಳು ಅದನ್ನೂ ಬಿಡಲಿಲ್ಲ. ಆ ದೃಶ್ಯವನ್ನು ನಾನು ಎರಡನೆಯ ಸಲ ನೋಡಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸೀನಿಯರ್ ಸ್ಪರ್ಧೆಯ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹಂತಹಂತವಾಗಿ ಹದಿನೇಳಕ್ಕೆ ಏರಿಸಲು ತೀರ್ಮಾನಿಸಿತು. ಒಳ್ಳೆಯ ನಿಯಮ, ತಡವಾಗಿ ಬಂತು. ಆದರೆ ಅದು ತಡೆಯುವುದು ಪದಕವನ್ನು, ಮಾತನ್ನಲ್ಲ. ಹನ್ನೊಂದರ ಹುಡುಗಿಯ ಬಗ್ಗೆ ರಿಂಕಿನ ಬೆಂಚಿನ ಮೇಲೆ ಕೂತವರು ಆಡುವ ಮಾತಿಗೆ ಯಾವ ಒಕ್ಕೂಟದ ಲಗಾಮೂ ಇಲ್ಲ.

ನಿಮ್ಮ ಮಾವನವರ ಗಾದೆ ಬಗ್ಗೆ ನನ್ನ ತಕರಾರು ಒಂದೇ. ಸಿರಿ ಮೊಳಕೆಯಲ್ಲಿ ಕಾಣಬಹುದು, ಆದರೆ ಈ ಆಟದಲ್ಲಿ ಮೊಳಕೆಯೊಂದಿಗೇ ಮರೆಯಾಗುವ ಸಿರಿಯೂ ಉಂಟು, ತೀರಾ ತಡವಾಗಿ ಕಾಣುವುದೂ ಉಂಟು. ಇಟಲಿಯ ಕರೋಲಿನಾ ಕೋಸ್ಟ್ನರ್ 2006ರಲ್ಲಿ ಹತ್ತೊಂಬತ್ತರ ಹುಡುಗಿ. ಟೂರಿನ್ ಒಲಿಂಪಿಕ್ಸ್ ಸ್ವಂತ ದೇಶದಲ್ಲೇ. ಧ್ವಜ ಹಿಡಿಯುವ ಗೌರವವನ್ನೂ ಅವಳಿಗೇ ಕೊಟ್ಟರು. ಒಂಬತ್ತನೆಯವಳಾದಳು. 2010ರಲ್ಲಿ ಹದಿನಾರನೆಯವಳು. ಅಷ್ಟಕ್ಕೇ ಅವಳ ಕಥೆ ಮುಗಿಯಿತೆಂದು ಬರೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. 2012ರಲ್ಲಿ ವಿಶ್ವ ಚಾಂಪಿಯನ್, 2014ರಲ್ಲಿ, ಇಪ್ಪತ್ತೇಳಕ್ಕೆ, ಒಲಿಂಪಿಕ್ ಕಂಚು! ಜಪಾನಿನ ಕವೋರಿ ಸಕಾಮೊಟೊ ಟ್ರಿಪಲ್ ಆಕ್ಸೆಲ್ ಆಗಲಿ ನಾಲ್ಕು ಸುತ್ತಿನ ಜಂಪ್ ಆಗಲಿ ಇಲ್ಲದೆಯೇ 2022ರಿಂದ ಸತತ ಮೂರು ವರ್ಷ ವಿಶ್ವ ಚಾಂಪಿಯನ್ ಆದಳು. ಅವಳ ವೇಗ, ಜಂಪಿನಿಂದ ಇಳಿದ ಮೇಲೂ ಕುಗ್ಗದೆ ಸಾಗುವ ಓಟ, ಇವು ಹನ್ನೊಂದರಲ್ಲಿ ಯಾರ ಮೊಬೈಲ್ ವಿಡಿಯೊದಲ್ಲೂ ಎದ್ದು ಕಾಣುವಂಥವಲ್ಲ.

ಅಲಿಸಾ ಮರಳಿ ಬಂದದ್ದು ಹೇಗೆ ಎಂಬುದು ನಮ್ಮ ಲೇಖನದಲ್ಲಿ ಚುಟುಕಾಗಿತ್ತು. ಸ್ಕೇಟ್ ಬಿಚ್ಚಿಟ್ಟು ಕಾಲೇಜು ಸೇರಿದಳು, ಎವರೆಸ್ಟ್ ಬೇಸ್ ಕ್ಯಾಂಪಿಗೆ ಚಾರಣ ಹೋದಳು. 2024ರ ಆರಂಭದಲ್ಲಿ ಹಿಮದ ಮೇಲೆ ಸ್ಕೀ ಮಾಡುವಾಗ ಹಳೆಯ ರೋಮಾಂಚನ ಮರುಕಳಿಸಿತಂತೆ. ಕುತೂಹಲಕ್ಕೆಂದು ರಿಂಕಿಗೆ ಹೋದಳು. ಮರಳುವಾಗ ಹಾಡು, ಉಡುಪು, ಅಭ್ಯಾಸ ಎಲ್ಲದರಲ್ಲೂ ತನ್ನ ಮಾತೇ ನಡೆಯಬೇಕು ಎಂದಳು. 2025ರಲ್ಲಿ ಬೋಸ್ಟನ್‌ನಲ್ಲಿ ಗೆದ್ದಾಗ ಅವಳಿಗೆ ಹತ್ತೊಂಬತ್ತು. ಗೆಲುವು ತಂದದ್ದು 2019ರ ಟ್ರಿಪಲ್ ಆಕ್ಸೆಲ್ ಅಲ್ಲ, ಅದು ಆಗ ಅವಳ ಕಾರ್ಯಕ್ರಮದಲ್ಲೇ ಇರಲಿಲ್ಲ. 2006ರ ನಂತರ ಅಮೆರಿಕದ ಮಹಿಳೆಗೆ ಮೊದಲ ವಿಶ್ವ ಕಿರೀಟ. 2026ರ ಮಿಲಾನ್ ಒಲಿಂಪಿಕ್ಸ್‌ಗೆ ಆಗ ವರ್ಷವೂ ಇರಲಿಲ್ಲ, ಡೋಲು ಮತ್ತೆ ಶುರುವಾಯಿತು, ಅದು ಬೇರೆ ಮಾತು.

ಹಾಗಾದರೆ ಮಗಳನ್ನು ಹೊಗಳಲೇಬಾರದೇ ಎಂದು ಕೇಳುತ್ತೀರಿ. ಧಾರಾಳವಾಗಿ ಹೊಗಳಿ, ಆದರೆ ಆದದ್ದಕ್ಕೆ. 'ಇವತ್ತು ಇಳಿದದ್ದು ಎಷ್ಟು ಚೆನ್ನಾಗಿತ್ತು' ಅಂದರೆ ಅದು ಅವಳದ್ದೇ ಆಗಿ ಉಳಿಯುತ್ತದೆ. 'ಮುಂದಿನ ಅಲಿಸಾ' ಅಂದರೆ ಹೊನ್ನಶೂಲ. ನಾಳೆ ಎತ್ತರವಾಗಿ ಜಂಪ್ ತಪ್ಪಿದರೆ, ಬೆಳೆದದ್ದೇ ತನ್ನ ತಪ್ಪು ಅನ್ನಿಸುತ್ತದೆ ಆ ಮಗುವಿಗೆ. ರಿಂಕಿನವರು ಅವಳ ವಿಡಿಯೊ ಹಾಕಿದರೆ ಹಾಕಲಿ, ಅದರ ಮೇಲೆ 'ಮುಂದಿನ ಅಲಿಸಾ' ಎಂದಿದ್ದರೆ ಆ ಎರಡು ಪದ ತೆಗೆಯಲು ಹೇಳಿ. ನಿಷ್ಠುರ ಕಟ್ಟಿಕೊಂಡರೂ ಪರವಾಗಿಲ್ಲ. ಊಟದ ತಟ್ಟೆಯ ಬಗ್ಗೆ, ತೂಕದ ಬಗ್ಗೆ ಯಾರಾದರೂ ಅವಳೆದುರು ಮಾತೆತ್ತಿದರೆ ಅಲ್ಲೇ ತಡೆಯಿರಿ. ಇದರಲ್ಲಿ ಮಾತ್ರ ನಾಚಿಕೆ, ದಾಕ್ಷಿಣ್ಯ ಬೇಡ.

ಹೆಸರಾಂತ ಕೋಚ್ ವಿಚಾರ. ನಾನು ಸ್ಕೇಟಿಂಗ್ ಬಲ್ಲವನಲ್ಲ, ಕಳಿಸಿ, ಬಿಡಿ ಎಂದು ಹೇಳಲಾರೆ. ಹೋಗಿ ನೋಡುವುದಾದರೆ ಗೋಡೆಯ ಮೇಲಿನ ಪದಕದ ಫೋಟೊಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿ. ಹನ್ನೆರಡು ವಯಸ್ಸಿಗೆ ಅವರ ಬಳಿ ಬಂದವರಲ್ಲಿ ಎಷ್ಟು ಮಂದಿ ಹದಿನೆಂಟಕ್ಕೂ ಅಲ್ಲೇ ಸ್ಕೇಟ್ ಮಾಡುತ್ತಿದ್ದಾರೆ ಎಂದು ಕೇಳಿ. ಗಾಯವಾದಾಗ ಮತ್ತೆ ಐಸ್ ಮೇಲೆ ಇಳಿಯಬಹುದೆಂದು ಹೇಳುವವರು ವೈದ್ಯರೋ ಕೋಚೋ, ಅದನ್ನೂ ಕೇಳಿ. ಉತ್ತರ ಕೊಡಲು ಅವರು ತಡವರಿಸಿದರೆ, ಫ್ರೀಮಾಂಟ್‌ನ ರಿಂಕೇ ಸದ್ಯಕ್ಕೆ ಸಾಕು.