ಓದುಗರ ಪ್ರಶ್ನೆ, ನಮ್ಮ ಉತ್ತರ: ಗೂಢಚಾರ ಮತ್ತೆ ಬಂದಾಗ

ಕಳೆದ ಸಂಚಿಕೆಯಲ್ಲಿ ಗೂಢಚಾರ ಚಿತ್ರಗಳ ಎರಡನೇ, ಮೂರನೇ ಭಾಗಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿದ್ದೇವೆ.

ನಾಯಕ ಸಾಯೂದಿಲ್ಲ ಅನ್ನೂದು ಟಿಕೆಟ್ ತಗೊಳ್ಳೂ ಮೊದಲ ಗೊತ್ತಿರತದ. ಮುಂದಿನ ಭಾಗದ ಸುದ್ದಿ ಸೈತ ಪೇಪರಿನ್ಯಾಗ ಬಂದಿರತದ. ಅಷ್ಟಾದ್ರೂ ನೋಡೂವಾಗ ಅಂಗೈ ಬೆವರತಾವ. ಇದ್ಯಾವ ಮಾಯಾ?
— ಓದುಗರು, ಹಾವೇರಿ

ನಾಯಕ ಬದುಕುತ್ತಾನೋ ಇಲ್ಲವೋ ಅನ್ನುವುದೊಂದರ ಮೇಲೆಯೇ ಭಯ ನಿಂತಿದ್ದರೆ ಎರಡನೇ ಭಾಗಗಳೆಲ್ಲ ಮೊದಲ ವಾರವೇ ಮಣ್ಣು ಮುಕ್ಕುತ್ತಿದ್ದವು. ಬದುಕುವುದು ಖಾತ್ರಿಯಾದ ಮೇಲೆ ಉಳಿಯುವ ಪ್ರಶ್ನೆಗಳು ಎರಡು: ಹೇಗೆ ಪಾರಾಗುತ್ತಾನೆ, ಪಾರಾಗುವಾಗ ಏನು ಕಳೆದುಕೊಳ್ಳುತ್ತಾನೆ. ಜಾಣ ಚಿತ್ರಕಥೆಗಾರ ಈ ಎರಡನ್ನೇ ಹಿಂಡುತ್ತಾನೆ.

ಮುಂದುವರಿದ ಭಾಗಕ್ಕೆ ಮೊದಲನೆಯದಕ್ಕಿಲ್ಲದ ಒಂದು ಬಂಡವಾಳವಿದೆ, ಪ್ರೇಕ್ಷಕರ ನೆನಪು. ‘ಮಿಷನ್ ಇಂಪಾಸಿಬಲ್’ ಸರಣಿಯ ನಾಲ್ಕನೇ ಚಿತ್ರವನ್ನೇ (2011) ನೋಡಿ. ಬೇರೆಯವರ ಮುಖವಾಡ ಹಾಕಿಕೊಂಡು ಮೋಸ ಮಾಡುವುದು ಆ ತಂಡದ ಹಳೆಯ ವಿದ್ಯೆ, ನಮಗೂ ಅದು ರೂಢಿಯಾಗಿತ್ತು. ದುಬೈನಲ್ಲಿ ಸರಿಯಾದ ಹೊತ್ತಿಗೆ ಮುಖವಾಡ ತಯಾರಿಸುವ ಯಂತ್ರವೇ ಕೆಡುತ್ತದೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಗಾಜು ಹತ್ತುವಾಗ ಅಂಟುವ ಕೈಗವಸು ಕೈಕೊಡುತ್ತದೆ. ನೀಲಿ ಬೆಳಕಿದ್ದರೆ ಹಿಡಿತ, ಕೆಂಪಾದರೆ ಮುಗಿಯಿತು ಎಂದು ಹತ್ತುವ ಮುಂಚೆಯೇ ನಮಗೆ ಹೇಳಿರುತ್ತಾರೆ. ಹಾಗಾಗಿ ಕೆಂಪು ದೀಪ ಕಂಡ ಕೂಡಲೇ ಯಾರೂ ವಿವರಿಸದೆ ಹೊಟ್ಟೆ ಚುರ್ ಅನ್ನುತ್ತದೆ. ನಾವು ನೆಚ್ಚಿಕೊಂಡ ಆಯುಧವನ್ನೇ ಕಿತ್ತುಕೊಳ್ಳುವುದು ಮುಂದಿನ ಭಾಗದ ಮೊದಲ ಕೆಲಸ. ಹೊಸ ಆಯುಧ ಕೊಡುವುದು ಸುಲಭ, ಅದರಿಂದ ಭಯ ಹುಟ್ಟುವುದಿಲ್ಲ.

ಎರಡನೆಯದು ಥ್ರಿಲ್ಲರ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಮಾತು. ಮೇಜಿನ ಕೆಳಗೆ ಬಾಂಬ್ ಇದೆ, ನಮಗೆ ಗೊತ್ತಿಲ್ಲ, ಸಿಡಿಯಿತು: ಹದಿನೈದು ಸೆಕೆಂಡು ಬೆಚ್ಚಿಬೀಳುತ್ತೇವೆ. ಬಾಂಬ್ ಇರುವುದು ನಮಗೆ ಗೊತ್ತು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲ: ಹದಿನೈದು ನಿಮಿಷ ಉಸಿರು ಬಿಗಿಹಿಡಿಯುತ್ತೇವೆ. ಇದನ್ನು ನಿಮ್ಮ ಜಿಲ್ಲೆಗೇ ತನ್ನಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಚೀಲಗಳ ಹಿಂದೆ ಗೂಢಚಾರ ಅಡಗಿದ್ದಾನೆ, ಎರಡು ಮಾರು ದೂರದಲ್ಲಿ ವೈರಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾನೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ನಿಜ. ಆದರೆ ಘಾಟು ಘಾಟೇ. ಮೂಗು ಕೆರೆಯುತ್ತದೆ, ಕಣ್ಣಲ್ಲಿ ನೀರು. ಆ ಒಂದು ಸೀನು ತಡೆಯುವ ಸೀನಿಗೆ ಒಂದು ಗುಂಡೂ ಬೇಕಾಗಿಲ್ಲ. ಗೂಢಚಾರ ಸಾಯುವುದಿಲ್ಲ ಎಂದು ಗೊತ್ತಿದ್ದರೂ ಸೀನುತ್ತಾನೋ ಇಲ್ಲವೋ ಯಾರಿಗೆ ಗೊತ್ತು?

ಇದರ ಜತೆಗೊಂದು ಹಳೆಯ ಕಟ್ಟಳೆ. ಯೋಜನೆಯನ್ನು ಮೊದಲೇ ಪೂರ್ತಿ ಹೇಳಿದರೆ ಅದು ಕೆಡಬೇಕು. ಹೇಳದೆ ಮುಚ್ಚಿಟ್ಟರೆ ಫಲಿಸಬೇಕು. ಹೇಳಿದ್ದೇ ನಡೆದರೆ ಒಂದೇ ಕಥೆಯನ್ನು ಎರಡು ಸಲ ಕೇಳಿದಂತೆ. ಬೋರು ಹೊಡೆಸುವ ಎರಡನೇ ಭಾಗಗಳನ್ನು ಈ ತಕ್ಕಡಿಯಲ್ಲಿಟ್ಟು ನೋಡಿ, ಬಹಳಷ್ಟು ಸಲ ತಪ್ಪು ಇಲ್ಲೇ ಸಿಗುತ್ತದೆ.

ನಾವು ಕಾಲೇಜ್ ಹುಡುಗರು. ಉಣಕಲ್ ಕೆರೆ ದಂಡಿ ಮ್ಯಾಲೆ 9 ನಿಮಿಷದ ಗೂಢಚಾರ ಕಿರುಚಿತ್ರ ತಗದಿದ್ವಿ. ಈಗ ಎರಡನೇ ಭಾಗ. ಹುಬ್ಬಳ್ಳಿ ಸ್ಟೇಶನ್ನಿನ ಉದ್ದನ ಪ್ಲಾಟ್‌ಫಾರ್ಮ್ ತುಂಬ ಚೇಸ್ ಮಾಡಬೇಕಂತೀವಿ. ಫೋನಿನ್ಯಾಗ ತಗಿಯೂದು. ಏನೇನು ನೋಡಿಕೋಬೇಕು?
— ಓದುಗರು, ಹುಬ್ಬಳ್ಳಿ

ಮೊದಲು ಲೆಕ್ಕ. ಆ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. ಸೆಕೆಂಡಿಗೆ 5 ಮೀಟರ್ ಓಡುವ ಹುಡುಗನಿಗೂ ಪೂರ್ತಿ ದಾಟಲು ಐದು ನಿಮಿಷ ಬೇಕು. ಬರೀ ಓಟವನ್ನು ತೆರೆಯ ಮೇಲೆ ಐದು ನಿಮಿಷ ಯಾರೂ ನೋಡುವುದಿಲ್ಲ. 120ರಿಂದ 150 ಮೀಟರಿನ ಒಂದು ತುಂಡು ಆರಿಸಿ, ಅದನ್ನೇ ಮೂರು ಕೋನಗಳಿಂದ ತೆಗೆಯಿರಿ. ತೆರೆಯ ಮೇಲೆ 70–90 ಸೆಕೆಂಡು ಸಾಕು. ಪ್ಲಾಟ್‌ಫಾರ್ಮಿನ ಉದ್ದ ತೋರಿಸುವ ಆಸೆ ಇದ್ದರೆ ಓಟ ಶುರುವಾಗುವ ಮುಂಚೆ ಒಂದೇ ಒಂದು ನಿಂತ ಷಾಟಿನಲ್ಲಿ ತೋರಿಸಿ. ಉದ್ದವೇ ಅಲ್ಲಿ ವೈರಿ: ರೈಲಿನ ಕೊನೆಯ ಡಬ್ಬಿ ಅಲ್ಲೆಲ್ಲೋ ಇದೆ, ಇವನು ಇಲ್ಲಿದ್ದಾನೆ.

ಕ್ಯಾಮೆರಾ ಹಚ್ಚುವ ಮುಂಚೆ ಮೂರು ಗುರುತು ನಿಶ್ಚಯಿಸಿ: ಒಂದು ಚಹಾದ ಅಂಗಡಿ, ಒಂದು ಮೆಟ್ಟಿಲು, ಒಂದು ಗಡಿಯಾರ. ಓಡುವವನು ಮೊದಲು ಯಾವುದನ್ನು ದಾಟುತ್ತಾನೆ, ಬೆನ್ನಟ್ಟುವವನು ಆಗ ಎಲ್ಲಿರುತ್ತಾನೆ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಎಡದಿಂದ ಬಲಕ್ಕೆ ಓಟ ಶುರುವಾದರೆ ಎಲ್ಲ ಷಾಟಿನಲ್ಲೂ ಎಡದಿಂದ ಬಲಕ್ಕೇ ಇರಲಿ. ಹಳಿಯ ಆಚೆ ಬದಿಯ ಪ್ಲಾಟ್‌ಫಾರ್ಮಿಗೆ ಹೋಗಿ ಕ್ಯಾಮೆರಾ ಇಟ್ಟರೆ ದಿಕ್ಕು ತಿರುಗಿ, ಇಬ್ಬರೂ ಎದುರುಬದುರು ಓಡಿ ಬಂದು ಡಿಕ್ಕಿ ಹೊಡೆಯುವಂತೆ ಕಾಣುತ್ತದೆ. ಹೊಸಬರ ಚೇಸ್ ಕೆಡುವುದು ಹೆಚ್ಚಾಗಿ ಇಲ್ಲೇ. ಮೂರು–ನಾಲ್ಕು ಹತ್ತಿರದ ಷಾಟಿಗೆ ಒಂದು ದೂರದ ಷಾಟು ಹಾಕುತ್ತ ಹೋಗಿ. ನಡುವಿನ ಅಂತರ ಕಡಿಮೆಯಾಗುತ್ತಿದೆ ಎನ್ನುವುದು ಅದರಲ್ಲೇ ಗೊತ್ತಾಗಬೇಕು.

ಫೋನಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಷಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನು ತಾನಾಗಿ ಆರಿಸಿಕೊಳ್ಳುವ 30 ಫ್ರೇಮ್, 1/60ರಲ್ಲಿ ರಾತ್ರಿ ತೆಗೆದರೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಓಡಾಡುತ್ತದೆ. ಹೆಜ್ಜೆ ಚೂಪಾಗಿ ಕಾಣಬೇಕೆಂದರೆ 1/100 ಇಡಬಹುದು, ಅದಕ್ಕಿಂತ ಮೇಲೆ ಹೋದರೆ ದೀಪದ ಬೆಳಕಿನಲ್ಲಿ ಮತ್ತೆ ಮಿನುಗು. ಬೆಳಕಿನ ಅಳತೆ, ಫೋಕಸ್ಸು ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಕಂಬ ದಾಟಿದಾಗಲೆಲ್ಲ ಮುಖ ಕಪ್ಪಾಗಿ ಬೆಳ್ಳಗಾಗುತ್ತದೆ. ಓಟದ ವೇಗ ಕಾಣಬೇಕಾದಲ್ಲಿ ಅಗಲದ ಲೆನ್ಸು, ಕ್ಯಾಮೆರಾದ ಕಡೆಗೇ ಓಡಿಬರಲಿ. ಎಷ್ಟು ಓಡಿದರೂ ಮುಂದೆ ಹೋಗುತ್ತಿಲ್ಲ ಅನ್ನಿಸಬೇಕಾದಲ್ಲಿ ದೂರ ನಿಂತು ಝೂಮ್ ಲೆನ್ಸು. ಅದು ಹಿಂದಿನವನನ್ನು ಬೆನ್ನಿಗೇ ತಂದು ಅಂಟಿಸುತ್ತದೆ.

ಶಬ್ದವನ್ನು ಬಹಳ ಹುಡುಗರು ಮರೆಯುತ್ತಾರೆ. ಒಂದು ಷಾಟಿನಲ್ಲಿ ‘ಯಾತ್ರಿಕರು ಗಮನಿಸಿ’ ಅನ್ನುತ್ತಿರುತ್ತದೆ, ಮುಂದಿನ ಷಾಟಿನಲ್ಲಿ ಹಿಂದಿ ಪ್ರಕಟಣೆಯ ಅರ್ಧಕ್ಕೆ ಜಿಗಿಯುತ್ತದೆ. ಕಟ್ ಎಲ್ಲಾಯಿತು ಎಂದು ಕುರುಡನಿಗೂ ಗೊತ್ತಾಗುತ್ತದೆ. ಸ್ಟೇಶನ್ನಿನ ಗದ್ದಲವನ್ನು ಎರಡು–ಮೂರು ನಿಮಿಷ ತುಂಡಾಗದಂತೆ ಬೇರೆಯಾಗಿ ರೆಕಾರ್ಡ್ ಮಾಡಿ, ಇಡೀ ದೃಶ್ಯದ ಕೆಳಗೆ ಹಾಸಿ. ಬೂಟಿನ ಸಪ್ಪಳ, ಏದುಸಿರು ಮೇಲಿಂದ ಸೇರಿಸಿ. ಸಿಕ್ಕಿಬೀಳುವ ಮುಂಚಿನ ಎರಡು ಸೆಕೆಂಡು ಗದ್ದಲ ಪೂರ್ತಿ ತೆಗೆದು ಉಸಿರೊಂದನ್ನೇ ಬಿಡಿ.

ಹೊಡೆತದ ಷಾಟಿಗೆ ಮುಷ್ಟಿ ಮುಖದಿಂದ ಒಂದು ಗೇಣು ದೂರದಲ್ಲೇ ಹೋಗಲಿ. ಕ್ಯಾಮೆರಾ ಹೊಡೆಯುವವನ ಭುಜದ ಹಿಂದೆ ಇದ್ದರೆ ಆ ಗೇಣು ಕಾಣುವುದಿಲ್ಲ; ಪಕ್ಕಕ್ಕೆ ಬಂದರೆ ಬಣ್ಣ ಬಯಲು. ತಲೆ ತಿರುಗಿಸುವುದನ್ನು ಮುಷ್ಟಿ ದಾಟುವ ಕ್ಷಣಕ್ಕೆ ಸರಿಯಾಗಿ ಅಭ್ಯಾಸ ಮಾಡಿ, ಮೊದಲು ನಿಧಾನ, ಆಮೇಲೆ ಅರ್ಧ ವೇಗ.

ಕಡೆಯ ಮಾತು, ಆದರೆ ಮೊದಲು ಮಾಡಬೇಕಾದ ಕೆಲಸ: ಸ್ಟೇಶನ್ನಿನಲ್ಲಿ ಶೂಟಿಂಗಿಗೆ ರೈಲ್ವೆಯ ಲಿಖಿತ ಅನುಮತಿ ಬೇಕು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ನಿಮ್ಮೂರಲ್ಲೇ ಇದೆ, ಅಲ್ಲಿ ವಿಚಾರಿಸಿ. ಆಟಿಕೆ ಪಿಸ್ತೂಲನ್ನು ಕೂಡ ಒಯ್ಯಬೇಡಿ. ದೂರದಿಂದ ನೋಡುವ ಪೊಲೀಸರಿಗೆ ಅದು ಆಟಿಕೆಯಲ್ಲ. ಹಳಿಗೆ ಇಳಿಯುವುದು, ಚಲಿಸುವ ರೈಲು ಹತ್ತುವುದು ಬೇಡವೇ ಬೇಡ. ಅನುಮತಿ ಸಿಗದಿದ್ದರೆ ಮುಚ್ಚಿದ ಗೋದಾಮು, ರಜೆಯ ದಿನದ ಕಾಲೇಜಿನ ಉದ್ದ ಪಡಸಾಲೆ ಸಾಕು. ಮೇಲಿನ ಲೆಕ್ಕವೆಲ್ಲ ಅಲ್ಲೂ ನಡೆಯುತ್ತದೆ.

ಕ್ಯಾಮೆರಾ ಗಡಗಡ ಅಲುಗಾಡಿಸಿದರೇ ಥ್ರಿಲ್ಲೇ? ನನಗಂತೂ ತಲೆನೋವು ಬರುತ್ತದೆ.
— ಓದುಗರು, ಗದಗ

ತಲೆನೋವು ನಿಮ್ಮದಾದರೂ ತಪ್ಪು ನಿಮ್ಮದಲ್ಲ. ಈ ಚಾಳಿ ಹಬ್ಬಿದ್ದು ‘ಬೋರ್ನ್’ ಸರಣಿಯಿಂದ. 2004ರ ಎರಡನೇ ಭಾಗದಲ್ಲಿ ಒಂದು ಷಾಟಿನ ಸರಾಸರಿ ಆಯುಷ್ಯ ಸುಮಾರು 2 ಸೆಕೆಂಡು. 2007ರ ಮೂರನೇ ಭಾಗಕ್ಕೆ ಸಂಕಲನ, ಧ್ವನಿ ಮಿಶ್ರಣ, ಧ್ವನಿ ಸಂಕಲನಕ್ಕೆಂದು ಮೂರು ಆಸ್ಕರ್ ಬಂದವು. ಆಮೇಲೆ ಅನುಕರಿಸಿದವರು ಅಲುಗಾಟವನ್ನಷ್ಟೇ ಎತ್ತಿಕೊಂಡರು. ಆ ಮೂರನೇ ಭಾಗದಲ್ಲಿ ಲಂಡನ್ನಿನ ವಾಟರ್ಲೂ ನಿಲ್ದಾಣದ ದೃಶ್ಯದ ಬಿಗಿ ಇರುವುದು ನಾಯಕ ಒಬ್ಬ ಪತ್ರಕರ್ತನಿಗೆ ಫೋನಿನಲ್ಲಿ ಕೊಡುವ ಆದೇಶಗಳಲ್ಲಿ: ಈಗ ನಿಲ್ಲು, ಈಗ ಬಗ್ಗು, ಬೂಟಿನ ಲೇಸು ಕಟ್ಟು. ಯಾರು ಎಲ್ಲಿದ್ದಾರೆ, ಯಾವ ಕ್ಯಾಮೆರಾ ಯಾರನ್ನು ನೋಡುತ್ತಿದೆ ಎಂದು ನಮಗೆ ಗೊತ್ತಿರುತ್ತದೆ. ಜಾಗ ಗೊತ್ತಿದ್ದರೆ ಅಲುಗಾಟ ಗಾಬರಿ ಹುಟ್ಟಿಸುತ್ತದೆ, ಗೊತ್ತಿಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ. ಒಂದು ಷಾಟಿನ ಕೊನೆಯಲ್ಲಿ ನಮ್ಮ ಕಣ್ಣು ತೆರೆಯ ಬಲಕ್ಕಿದ್ದರೆ, ಮುಂದಿನ ಷಾಟಿನ ಮುಖ್ಯ ಸಂಗತಿಯೂ ಬಲಕ್ಕೇ ಇರಬೇಕು. ಇದನ್ನು ಬಿಟ್ಟರೆ ಕಣ್ಣು ಪ್ರತಿ ಕಟ್ಟಿಗೂ ಹುಡುಕಾಡಿ ದಣಿಯುತ್ತದೆ.

ಸದ್ಯಕ್ಕೆ ಉಪಾಯ: ಮುಂದಿನ ಸಾಲು ಬಿಡಿ. ತೆರೆಯಿಂದ ಹಿಂದಕ್ಕೆ ಮೂರರಲ್ಲಿ ಎರಡು ಪಾಲು ದೂರ, ನಟ್ಟನಡುವಿನ ಕುರ್ಚಿ ಆರಿಸಿ. ಥಿಯೇಟರಿನ ಧ್ವನಿಯನ್ನು ಹದ ಮಾಡುವಾಗ ಅಳೆಯುವುದೂ ಹೆಚ್ಚುಕಡಿಮೆ ಅಲ್ಲಿಂದಲೇ.

ಎರಡನೇ ಭಾಗ ಅಂದ್ರ ಬಾಂಬ್ ಡಬಲ್ ಅಂತ ತಿಳದಾರೇನ್ರಿ?
— ಓದುಗರು, ರಾಣೆಬೆನ್ನೂರು

ತಿಳಿದವರಿದ್ದಾರೆ. 2015ರ ಬಾಂಡ್ ಚಿತ್ರಕ್ಕೆ ಮೊರಾಕ್ಕೋದಲ್ಲಿ 8,418 ಲೀಟರ್ ಸೀಮೆಎಣ್ಣೆ, 33 ಕೆಜಿ ಸ್ಫೋಟಕ ಬಳಸಿ ನಡೆಸಿದ ಸ್ಫೋಟ ಗಿನ್ನೆಸ್ ದಾಖಲೆ ಸೇರಿತು. ತೆರೆಯ ಮೇಲೆ ಅದು ಚೆಂದದ ದೀಪಾವಳಿ, ಅಷ್ಟೇ. ಕಾರಣ ಸರಳ: ನಾಯಕ, ನಾಯಕಿ ಆಗಲೇ ಸುರಕ್ಷಿತ ದೂರದಲ್ಲಿ ನಿಂತು ನೋಡುತ್ತಿರುತ್ತಾರೆ.

ಅದೇ ಸರಣಿಯ 2006ರ ಚಿತ್ರದಲ್ಲಿ ಒಂದು ಕಾರು ಏಳು ಸಲ ಉರುಳುತ್ತದೆ, ಅದೂ ಗಿನ್ನೆಸ್ ದಾಖಲೆಯೇ. ಕಾರಿನ ಭಾರ ನೆಲಕ್ಕೆ ಹತ್ತಿರವಿದ್ದದ್ದರಿಂದ ಇಳಿಜಾರು ಹಲಗೆ ಹತ್ತಿಸಿದರೂ ಮಗುಚಲಿಲ್ಲ, ಕಡೆಗೆ ಕೆಳಗೆ ಅನಿಲದ ತೋಪು ಕೂಡಿಸಿ ಉರುಳಿಸಿದರು. ಆದರೆ ಎದೆ ಧಸಕ್ಕೆನ್ನುವುದು ಆ ಏಳರ ಲೆಕ್ಕಕ್ಕಲ್ಲ. ಕತ್ತಲ ರಸ್ತೆಯ ನಡುವೆ ಕೈಕಾಲು ಕಟ್ಟಿ ಮಲಗಿಸಿದ ಹುಡುಗಿ ದೀಪದ ಬೆಳಕಿಗೆ ತಟ್ಟನೆ ಕಾಣುತ್ತಾಳೆ, ಅವಳನ್ನು ತಪ್ಪಿಸಲು ಹೋಗಿ ಕಾರು ಉರುಳುತ್ತದೆ. ಕಾರಣ ಗಟ್ಟಿ ಇದ್ದರೆ ಒಂದು ಉರುಳೂ ಸಾಕು.

ಶಬ್ದ ಹೇಗೆ ಕೆಲಸ ಕೆಡಿಸುತ್ತದೆ ಎನ್ನುವುದಕ್ಕೆ 1974ರ ಬಾಂಡ್ ಚಿತ್ರವಿದೆ. ಮುರಿದ ಸೇತುವೆಯ ಮೇಲೆ ಕಾರು ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿ ಆಚೆ ದಡಕ್ಕೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ವೇಗ, ಭಾರ, ಕೋನ ಲೆಕ್ಕ ಹಾಕಿ ಒಂದೇ ಟೇಕಿನಲ್ಲಿ ನಿಜವಾಗಿ ಮಾಡಿದ ಸಾಹಸ. ಅದರ ಮೇಲೆ ‘ಸೂಂಯ್’ ಎಂದು ಜಾತ್ರೆಯ ಪೀಪಿಯಂಥ ಸಿಳ್ಳೆ ಹಾಕಿದರು. ಜೀವ ಪಣಕ್ಕಿಟ್ಟು ಮಾಡಿದ್ದು ನಗೆಪಾಟಲಾಯಿತು.

ನಮ್ಮ ಅಣ್ಣಾವ್ರು ಸಿಐಡಿ 999 ಆಗಿದ್ದು ಇಂದಿನ ಹುಡುಗರಿಗೆ ಗೊತ್ತಿಲ್ಲ. ಅವು ಒಂದರ ಮುಂದುವರಿಕೆ ಒಂದೋ, ಬೇರೆ ಬೇರೆಯೋ?
— ಹಿರಿಯ ಓದುಗರು, ಧಾರವಾಡ

ಪಾತ್ರ ಒಂದೇ, ಕಥೆ ಪ್ರತಿ ಸಲವೂ ಬೇರೆ. ದೊರೈ–ಭಗವಾನ್ ನಿರ್ದೇಶನದಲ್ಲಿ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ (ಎರಡೂ 1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969), ಆಮೇಲೆ ಒಂಬತ್ತು ವರ್ಷ ಬಿಟ್ಟು ‘ಆಪರೇಷನ್ ಡೈಮಂಡ್ ರಾಕೆಟ್’ (1978). ಯಾವುದನ್ನು ಮೊದಲು ನೋಡಿದರೂ ಅಡ್ಡಿಯಿಲ್ಲ. ಜಾಗ ಬದಲು, ವೈರಿ ಬದಲು, ನಾಯಕನ ಠೀವಿ ಮಾತ್ರ ಅದೇ. ಅಂದಿನ ಗೂಢಚಾರ ಸರಣಿಗಳ ಪದ್ಧತಿ ಅದು. ಒಂದು ಭಾಗದ ಗಾಯ ಮುಂದಿನ ಭಾಗಕ್ಕೂ ನೋಯುವುದು ಈಚಿನ ರೂಢಿ. ಹಾಗಾಗಿ ಈಗಿನ ಸರಣಿಗಳನ್ನು ನಡುವಿನಿಂದ ನೋಡಲು ಹೋಗಬೇಡಿ, ಯಾರು ಯಾಕೆ ಅಳುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ.

ಇಂಗ್ಲಿಷ್ ಗೂಢಚಾರ ಚಿತ್ರಕ್ಕ ಮಧ್ಯಂತರ ಎಲ್ಲೆಲ್ಲೋ ಬರತದ, ಮಾತಿನ ನಡುವ ಲೈಟ್ ಹಚ್ಚತಾರ. ಯಾಕ?
— ಓದುಗರು, ಲಕ್ಷ್ಮೇಶ್ವರ

ಅವರು ಮಧ್ಯಂತರ ಇಟ್ಟು ಬರೆದಿರುವುದಿಲ್ಲ, ನಮ್ಮಲ್ಲಿ ನಡುವೆ ಕತ್ತರಿಸುತ್ತಾರೆ. ನಮ್ಮ ಚಿತ್ರಗಳಲ್ಲಿ ಮಧ್ಯಂತರಕ್ಕೆ ಐದು ನಿಮಿಷ ಮುಂಚೆಯೇ ತಿರುವಿನ ತಯಾರಿ ನಡೆದಿರುತ್ತದೆ: ಜತೆಗಾರನೇ ದ್ರೋಹಿ, ಸತ್ತನೆಂದವನು ಬದುಕಿದ್ದಾನೆ. ಚಹಾ ಕುಡಿಯುವ ಹತ್ತು ನಿಮಿಷ ಅದೇ ಚರ್ಚೆ. ಮರಳಿ ಬಂದವರು ಕತ್ತಲಲ್ಲಿ ಕುರ್ಚಿ ಹುಡುಕುವಷ್ಟು ಹೊತ್ತು ತೆರೆಯ ಮೇಲೆ ಮಹತ್ವದ್ದೇನೂ ನಡೆಯದಂತೆ ಬರೆದಿರುತ್ತಾರೆ. ಇಂಗ್ಲಿಷ್ ಚಿತ್ರದಲ್ಲಿ ಈ ರಿಯಾಯಿತಿ ಇಲ್ಲ, ಲೈಟ್ ಆರುವ ಮುಂಚೆಯೇ ಕುರ್ಚಿಯಲ್ಲಿರಿ.

ನಡುವೆ ಏಳಲೇಬೇಕೆಂದರೆ ದೊಡ್ಡ ಹೊಡೆದಾಟ ಮುಗಿದ ಕೂಡಲೇ ಏಳಿ. ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳುವ ಮೂರ್ನಾಲ್ಕು ನಿಮಿಷ ಸಿಗುತ್ತದೆ. ಮೇಜಿನ ಮೇಲೆ ನಕಾಶೆ ಹರಡಿ ಯೋಜನೆ ಹೇಳತೊಡಗಿದಾಗ ಮಾತ್ರ ಮಿರ್ಚಿ ತರಲು ಹೋಗಬೇಡಿ. ಮುಂದೆ ಏನು ಕೆಡುತ್ತದೆ ಎಂಬ ಪಟ್ಟಿಯನ್ನು ಅಲ್ಲೇ ಓದಿ ಹೇಳುತ್ತಿರುತ್ತಾರೆ.